ಎಡಗಾಲು ತಪ್ಪಿದ ಹಲಗೆ

ಮೊಳಕಾಲ್ಮೂರಿನ ನಮ್ಮ ಮನೆಯ ಮಗ್ಗಕ್ಕೆ ನೆಲದಲ್ಲಿ ಗುಂಡಿ ಇದೆ. ಅದರೊಳಗೆ ಕಾಲು ಇಳಿಬಿಟ್ಟು ಕೂತು, ಎಡ ಬಲ ಹಲಗೆ ತುಳಿಯುತ್ತ ರೇಷ್ಮೆ ಸೀರೆ ನೇಯುವುದು ನನ್ನ ಕೆಲಸ. ಕಾಲನ್ನು ನೋಡಿಕೊಂಡು ಯಾರೂ ಹಲಗೆ ತುಳಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಸೆರಗಿನಲ್ಲೊಂದು ತಪ್ಪು ಬಿತ್ತು. ಬಿಚ್ಚಿ ನೇಯ್ದರೂ ಮತ್ತೆ ತಪ್ಪು. ಸಿಟ್ಟಿನಿಂದ ಬಗ್ಗಿ ನೋಡಿದರೆ ನನ್ನ ಎಡಗಾಲು ಹಲಗೆ ಬಿಟ್ಟು ಪಕ್ಕದ ಮಣ್ಣನ್ನು ಒತ್ತುತ್ತಿತ್ತು. ನನಗದು ಗೊತ್ತೇ ಆಗಿರಲಿಲ್ಲ.

“ವಾತ ಕಣೇ. ಶಾಖ ಕೊಟ್ರೆ ಸರಿ ಹೋಗ್ತೈತೆ,” ಅಂದಳು ಅವ್ವ.

ಜೋಮು ಹಿಡಿದರೆ ಲಕ್ಕಿ ಸೊಪ್ಪು ಕುದಿಸಿದ ನೀರು ಹುಯ್ದು, ಚಳ್ಳಕೆರೆ ಕಂಬಳಿ ಹೊದಿಸಿ ಬೆವರಿಳಿಸುವುದು ನಮ್ಮಲ್ಲಿ ರೂಢಿ. ಆ ಬಿಸಿಲಲ್ಲಿ ಮೂರು ದಿನ ನನ್ನನ್ನು ಹುರುಳಿಯಂತೆ ಬೇಯಿಸಿದಳು. ಮೂರನೆಯ ದಿನ ಕಂಬಳಿಯಿಂದ ತಲೆ ಹೊರಹಾಕಿದೆ. ಎಡಗಣ್ಣಿಗೆ ಅವ್ವನ ಮುಖವಿದ್ದ ಕಡೆ ಬರೀ ಬೂದು ಬಣ್ಣ. ಎದ್ದು ನಿಲ್ಲಲು ಹೋದರೆ ಎರಡೂ ಕಾಲು ಕುಸಿದವು.

“ಸಾಕು ನಿಲ್ಸವ್ವ! ಕೊಲ್ತೀಯಾ ನನ್ನ?” ಎಂದು ಕಿರುಚಿದೆ.

ಫ್ಯಾನಿನ ಕೆಳಗೆ ಮಲಗಿದ ಮೇಲೆ ಕಣ್ಣು ತಿಳಿಯಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಮರುದಿನ ಚಳ್ಳಕೆರೆ ಬಸ್ಸಿನಲ್ಲಿ ಬಿ.ಜಿ. ಕೆರೆ ದಾಟುವವರೆಗೂ ಎಡಗಾಲನ್ನು ಚಿವುಟುತ್ತಲೇ ಇದ್ದೆ. ಅವ್ವ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಚಳ್ಳಕೆರೆಯ ಡಾಕ್ಟರು ಶಾಖದ ಸಂಗತಿ ಕೇಳಿದ್ದೇ ಗಂಭೀರರಾಗಿ, ತಲೆಯ ಸ್ಕ್ಯಾನಿಗೆಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿನ ನರರೋಗದ ಡಾಕ್ಟರು ಸ್ಕ್ಯಾನ್ ನೋಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈ ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ನರಗಳ ಹೊದಿಕೆಯನ್ನು ಕಡಿಯುವ ಕಾಯಿಲೆಯಂತೆ.

“ಅಂದ್ರೆ ಬೇಲೀನೇ ಎದ್ದು ಹೊಲ ಮೇಯ್ತಾ ಐತೆ ಅನ್ರಿ,” ಅಂದಳು ಅವ್ವ.

ಡಾಕ್ಟರು ಹೌದೆಂದು ತಲೆಯಾಡಿಸಿದರು. ಪೂರ್ತಿ ಗುಣವಾಗುವುದಿಲ್ಲ, ಆದರೆ ಔಷಧದಿಂದ ಮತ್ತೆ ಮತ್ತೆ ಎರಗುವುದನ್ನು ಕಡಿಮೆ ಮಾಡಬಹುದು ಎಂದರು. ಜರಿಯ ಮೇಲಿನ ಬೆಳ್ಳಿ ಸವೆದು ಒಳಗಿನ ದಾರ ಕಾಣುವುದು ನೆನಪಾಯಿತು. “ಮಗ್ಗಕ್ಕೆ ಕೂರಬಹುದಾ?” ಎಂದು ಕೇಳಿದೆ. ಕೂತು ನೋಡಿ, ಸೆಕೆಯಲ್ಲಿ ಬೇಡ ಎಂದರು.

“ನಾನು ಬಿಸಿ ಮಾಡಿದ್ದಕ್ಕೇ ಬಂತೇನ್ರಿ?” ಅವ್ವ ಕೇಳಿದಳು. ಬಿಸಿಯಿಂದ ಕಾಯಿಲೆ ಬರುವುದಿಲ್ಲ, ಇದ್ದ ತೊಂದರೆ ಸ್ವಲ್ಪ ಹೊತ್ತು ಹೆಚ್ಚಾಗುತ್ತದೆ ಅಷ್ಟೇ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿಕೊಂಡೆ. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಲೇಬೇಕಿತ್ತು, ಅವಳು ಹತ್ತಿರವಿದ್ದಳು.

ಔಷಧ ಶುರುವಾಗಿ ಎರಡು ತಿಂಗಳ ಮೇಲೆ, ಬೆಳಗಿನ ತಂಪಿನಲ್ಲಿ ಮಗ್ಗಕ್ಕೆ ಕೂತೆ. ಎಡಗಾಲಿಗೆ ಇನ್ನೂ ಹಲಗೆ ತಿಳಿಯುತ್ತಿರಲಿಲ್ಲ. ಅವ್ವ ಗುಂಡಿಗೆ ಒದ್ದೆ ಗೋಣಿಚೀಲ ಹಾಸಿ, ಅಂಚಿನಲ್ಲಿ ಕೂತು, ನನ್ನ ಕಾಲಿಗೆ ಟಾರ್ಚ್ ಬಿಟ್ಟಳು.

“ಎಡ. ತಡಿ, ಒಂಚೂರು ಒಳಗೆ. ಹ್ಞಾಂ, ಹಲಗೆ ಮೇಲೆ ಐತೆ, ತುಳಿ. ಬಲ. ಎಡ.”

ಒಂದು ಗೇಣು ನೇಯ್ಗೆ ತಪ್ಪಿಲ್ಲದೆ ಬಂತು. ಆಗ ಅಂದೆ: “ನಿನ್ನಿಂದ ಬಂದಿದ್ದಲ್ಲವ್ವ ಈ ಕಾಯಿಲೆ.”

ಗುಂಡಿಯೊಳಗೆ ಟಾರ್ಚಿನ ಬೆಳಕು ಬಹಳ ಹೊತ್ತು ಅಲುಗಿತು. ಆಮೇಲೆ ಅವ್ವ ಮೂಗು ಒರೆಸಿಕೊಂಡು, “ಎಡ,” ಅಂದಳು.