ಕೌದಿ ಕಟ್ಟಿದ ಮೇಲೆ ಕೇಳಿದ ಮೂರನೆಯ ನುಡಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಎರಡು ಹಳೆಯ ಸ್ಪೀಕರ್ ಡಬ್ಬಿ ತಂದರೆ ಏನೇನು ಕೆಡಬಹುದು? ಕುಲುಕಾಟಕ್ಕೆ ಒಳಗಿನ ಕಾಗದದ ಕೋನು ಹರಿಯಬಹುದು. ಯಾರಾದರೂ ಸ್ಟೂಲೆಂದು ತಿಳಿದು ಮೇಲೆ ಕೂರಬಹುದು. ಮನೆಯಲ್ಲಿ ವೋಲ್ಟೇಜು ಏರಿ ಆಂಪ್ಲಿಫೈಯರ್ ಸುಡಬಹುದು. ಕ್ಯಾಸೆಟ್ಟಿನ ರೀಲು ಡೆಕ್ಕಿನ ಹೊಟ್ಟೆ ಸೇರಬಹುದು. ಡಬ್ಬಿಯೊಳಗೆ ಮೊದಲೇ ಇಲಿಯೊಂದು ಸಂಸಾರ ಹೂಡಿರಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ಹೆಂಡತಿ ಬಾಗಿಲಲ್ಲೇ ನಿಂತಿರಬಹುದು.

ಮಗಳ ಮದುವೆಗೆ ಹನ್ನೆರಡೇ ದಿನವಿತ್ತು. ಅಂಥ ಹೊತ್ತಿನಲ್ಲಿ ಸ್ಪೀಕರ್ ಯಾಕೆಂದರೆ, ನಮ್ಮಲ್ಲಿ ಅರಿಷಿಣ ಹಚ್ಚುವಾಗಿನ ಹಾಡನ್ನು ಅವ್ವ ಮತ್ತು ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಕೂಡಿ ಹಾಡುತ್ತಿದ್ದರು. ಮೊದಲೆರಡು ನುಡಿ ಅವ್ವನದು, ಮೂರನೆಯದು ದೊಡ್ಡವ್ವನೇ ಕಟ್ಟಿದ್ದು, ಅವ್ವನಿಗೆ ಅದರ ಮಾತು ಬಾಯಿಪಾಠವಿರಲಿಲ್ಲ. ದೊಡ್ಡವ್ವ ಈಗಿಲ್ಲ. ಆ ನುಡಿ ಉಳಿದಿದ್ದು ನನ್ನ ಮದುವೆಯಲ್ಲಿ ರೆಕಾರ್ಡ್ ಮಾಡಿದ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಹಾಕಿದರೆ ಧ್ವನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಅಕ್ಕ ಬಾವ್ಯಾಗ ನಿಂತು ಹಾಡಿದಂಗ ಆಗ್ತದಪಾ," ಎಂದಳು ಅವ್ವ. "ಅರ್ಧ ಹಾಡು ನಾ ಹಾಡಂಗಿಲ್ಲ. ಮೊಮ್ಮಗಳಿಗೆ ಸುಮ್ನ ಅರಿಷಿಣ ಹಚ್ಚಿ ಕುಂದರ್ತೀನಿ."

ಅವ್ವ ಬಾಯಿ ಬಿಗಿದುಕೊಂಡು ಕೂತ ಅರಿಷಿಣವನ್ನು ನನಗೆ ಊಹಿಸಲಾಗಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯ ಗುಮಾಸ್ತರೊಬ್ಬರು ಹೊಸ ಸೆಟ್ಟು ತಂದು ಹಳೆಯ ಡಬ್ಬಿ ಕೊಡುತ್ತಾರೆಂದು ಕೇಳಿ ಓಡಿದೆ. ಬರುತ್ತ ಮಸ್ಕಿಯಲ್ಲಿಳಿದು ರೇಡಿಯೋ ರಿಪೇರಿಯ ಗೆಳೆಯನಿಗೆ ತೋರಿಸಿದೆ. ನನ್ನ ಆಂಪ್ಲಿಫೈಯರಿನ ನಾಡಿ ಬಲ್ಲ ಮನುಷ್ಯ.

"ಡಬ್ಬಿ ಛಲೋ ಅದಾವ. ಆದ್ರ ಸರ, ನಿಮ್ಮ ಖೋಲ್ಯಾಗ ಒಮ್ಮೆ ಚಪ್ಪಾಳಿ ಹೊಡದು ನೋಡೀರೇನು?"

"ಯಾಕ?"

"ಕೆಳಗ ಫರಸಿ ಕಲ್ಲು, ಮ್ಯಾಲ ಸ್ಲ್ಯಾಬು, ನಾಕೂ ಕಡೆ ಬೋಳು ಗ್ವಾಡಿ. ಎಂಥಾ ಮಾಲು ತಂದಿಟ್ರೂ ಬಚ್ಚಲದಾಗ ಹಾಡಿದಂಗ ಆಗ್ತದ. ಮೊದಲ ಖೋಲಿ ದುರಸ್ತ ಮಾಡ್ರಿ."

ಡಬ್ಬಿ ಕೊಂಡಾದ ಮೇಲೆ ಇಂಥ ಮಾತು ಯಾರಿಗೆ ಬೇಕು? ಮುಖ ಗಂಟಿಕ್ಕಿಕೊಂಡು ಮುಂದಿನ ಬಸ್ಸು ಹತ್ತಿದೆ.

ಹೆಂಡತಿ ಬಾಗಿಲಲ್ಲೇ ಇದ್ದಳು. "ಬೀಗರಿಗೆ ಕೂಡಾಕ ಜಾಗ ಇಲ್ಲ. ಇವರ‍್ಯಾರ್ರಿ ಇಬ್ರು?"

ಪಡಸಾಲೆಯಲ್ಲಿ ಜೋಡಿಸಿ ಕ್ಯಾಸೆಟ್ ಹಾಕಿದೆ. ಅವ್ವ ಕಿವಿಗೊಟ್ಟು ಕೇಳಿ, "ಬಾವಿ ದೊಡ್ಡದಾತು, ಅಷ್ಟ," ಎಂದು ಎದ್ದುಹೋದಳು. ಒಬ್ಬನೇ ಕೂತು ಚಪ್ಪಾಳೆ ಹೊಡೆದೆ. ಅದು ನಾಲ್ಕೂ ಗೋಡೆಗೆ ಬಡಿದು ನನಗೇ ಬಂದು ತಾಕಿತು.

ಮರುದಿನ ಮೋಡ ಕವಿದಿತ್ತು. ಬರುವ ನೆಂಟರಿಗೆ ಹೊದೆಯಲೆಂದು ಹೆಂಡತಿ ಟ್ರಂಕಿನಿಂದ ಕೌದಿಗಳನ್ನು ತೆಗೆದಳು. ಹಳೆಯ ಸೀರೆಗಳನ್ನು ಕೂಡಿಸಿ ದೊಡ್ಡವ್ವನೇ ಹೊಲಿದ ದಪ್ಪ ಕೌದಿಗಳು. ಹೊರಗೆ ಹಾಕಲಾಗದೆ ಪಡಸಾಲೆಯ ಗೋಡೆಗುಂಟ ಹಗ್ಗ ಕಟ್ಟಿ ಹರವಿದಳು. ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಯಾಕೋ ಕೈ ತಡೆಯಲಿಲ್ಲ, ಚಪ್ಪಾಳೆ ಹೊಡೆದೆ. ಸದ್ದು ತಿರುಗಿ ಬರದೆ ಕೌದಿಯಲ್ಲೇ ಕೂತುಬಿಟ್ಟಿತು.

"ಒಂದೂ ತಗೀಬ್ಯಾಡ!"

"ಈಗೇನು ಕೌದಿ ಹುಚ್ಚೇನ್ರಿ?"

ಅವ್ವನನ್ನು ಕರೆದು ಕ್ಯಾಸೆಟ್ ಹಾಕಿದೆ. ಮೂರನೆಯ ನುಡಿ ಬಂತು. ಪಕ್ಕದಲ್ಲೇ ಕೂತು ಹಾಡಿದಂತೆ, ಒಂದೊಂದು ಮಾತೂ ಬೇರೆಬೇರೆಯಾಗಿ ಬಂತು:

ಮಳಿ ಬಂದೀತಂತ ಮುಗಲ ನೋಡ್ಯಾನ,
ಅರಿಷಿಣ ಸಾಲದಂತ ಬಟ್ಟಲ ಎಣಿಸ್ಯಾನ,
ಚಪ್ಪಲಿ ಹೋದಾವಂತ ಹೊಸ್ತಿಲ ಕಾಯ್ದಾನ,
ಚಿಂತೀರಾಯ ನಮ್ಮ ಮದುಮಗ!

ಅಂದು ಮಣೆಯ ಮೇಲೆ ಕೂತಿದ್ದ ನನ್ನ ಕಿವಿಗೆ ಇದು ಬಿದ್ದ ನೆನಪೇ ಇಲ್ಲ. ಮಳೆಯ ಚಿಂತೆಯಲ್ಲಿದ್ದೆ, ಅದು ನಿಜ.

ಅವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಅಕ್ಕ ನಿನ್ನ ಬಿಡ್ಲೇ ಇಲ್ಲ ನೋಡು! ಇನ್ನೊಮ್ಮೆ ಹಾಕಪಾ." ನಾಲ್ಕು ಸಲ ಹಾಕಿಸಿ ಬಾಯಿಪಾಠ ಮಾಡಿಕೊಂಡಳು.

"ಆದ್ರ ಅಜ್ಜಿ, ಈ ಸಲ ಮದುಮಗ ಬ್ಯಾರೇನ," ಎಂದಳು ಮಗಳು.

"ಅದಕ್ಕೇನವಾ? ಮದುಮಗನ್ನ ತಗದು ಮದುಮಗಳಪ್ಪನ್ನ ಹಾಕಿದ್ರಾತು."

ಮದುವೆ ಸುಸೂತ್ರವಾಗಿ ಮುಗಿಯಿತು. ಮಳೆ ಬರಲಿಲ್ಲ, ಅರಿಷಿಣ ಮಿಕ್ಕಿತು, ಒಂದು ಚಪ್ಪಲಿಯೂ ಹೋಗಲಿಲ್ಲ. ರೀಲು ಹರಿಯಲಿಲ್ಲ, ಡಬ್ಬಿಯಲ್ಲಿ ಇಲಿಯೂ ಇರಲಿಲ್ಲ. ಅವ್ವ ಬೀಗರೆದುರು ಮೂರೂ ನುಡಿಯನ್ನು ಕೈತಿರುವಿ ಹಾಡಿದಳು. ಕೆಟ್ಟದ್ದು ಒಂದೇ: ಹೊಸ ಬೀಗರು ಈಗ ಫೋನು ಎತ್ತಿದ ಕೂಡಲೇ "ಏನ್ರೀ ಚಿಂತೀರಾಯರ, ಆರಾಮ ಅದೀರೇನು?" ಅನ್ನುತ್ತಾರೆ.