ಗಾಳಿ ನಿಂತ ಏರು

ಗೇರಕ್ಕನ ಕೆಂಪು ಕಾರಿನಲ್ಲಿ ಕೂತವರಿಗೆ ರಸ್ತೆಯ ಒಂದೊಂದು ಕಲ್ಲಿನ ಪರಿಚಯವೂ ಆಗುತ್ತಿತ್ತು. ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವಳು ಆಕೆ. ‘ಗೇರು ಹಾಕು, ಗೇರು ಹಾಕು’ ಎಂದು ಗದರಿಸಿ ಗದರಿಸಿಯೇ ಆ ಹೆಸರು ಅಂಟಿಕೊಂಡಿತ್ತು. ಪಾಠ ಹೇಳುವ ಕಾರು ಬೇರೆ, ಅದು ಸಾಧು ಪ್ರಾಣಿ. ಇದು ಎಲ್ಲೋ ಗುದ್ದಿಸಿಕೊಂಡು ಗುಜರಿ ಸೇರಿದ್ದ ಎರಡು ಬಾಗಿಲಿನ ರೇಸ್ ಕಾರು. ತಂದು, ತಾನೇ ಬಿಚ್ಚಿ ಜೋಡಿಸಿ ಜೀವ ತುಂಬಿದ್ದಳು. ತೂಕ ಇಳಿಯಲೆಂದು ಒಳಗಿನ ಮೆತ್ತೆ, ಹಾಸು ಎಲ್ಲ ಕಿತ್ತೆಸೆದಿದ್ದರಿಂದ ಇಂಜಿನ್ನಿನ ಕಾವು ನೇರ ಮೊಣಕಾಲಿಗೆ ಬಡಿಯುತ್ತಿತ್ತು. ಸ್ಟೇರಿಂಗ್ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕಿತ್ತು.

ಪಕ್ಕದ ಸೀಟಿನಲ್ಲಿ ಯಾವಾಗಲೂ ಗಂಡ. ಗಡಿಯಾರ ರಿಪೇರಿಯವನು, ವಾರವೆಲ್ಲ ಉಸಿರು ಬಿಗಿಹಿಡಿದು ಸಣ್ಣ ಮುಳ್ಳುಗಳನ್ನು ಕೂರಿಸುವ ಮನುಷ್ಯ. ರಜೆಯ ಬೆಳಿಗ್ಗೆ ಹೆಂಡತಿ ಬೆಟ್ಟದ ರಸ್ತೆಯಲ್ಲಿ ಕಾರು ಹತ್ತಿಸುವಾಗ ಮಾತ್ರ ಬಾಯಿ ತುಂಬ ನಗುತ್ತಿದ್ದ. ಅವನನ್ನು ಬಿಟ್ಟು ಆಕೆ ಬೆಟ್ಟ ಹತ್ತಿದ್ದೇ ಇಲ್ಲ.

ಅವನ ಬೆನ್ನಿಗೆ ಆಪರೇಷನ್ ಆಯಿತು. ಅದರ ಬೆನ್ನಲ್ಲೇ ಮಗ ತನ್ನ ಹೊಸ ಕಾರಿನಲ್ಲಿ ಬಂದಿಳಿದ. ಕೈಯಲ್ಲಿ ಅಂಥ ಕಾರುಗಳ ಬಣ್ಣದ ಪುಸ್ತಿಕೆ.

“ಅಮ್ಮ, ಆ ತಗಡು ಡಬ್ಬ ಮಾರಿಬಿಡು. ನನ್ನಂಥದ್ದೇ ಒಂದು ತಗೋ. ಇದೂ ಅಷ್ಟೇ ಜೋರು. ಸೋಫಾ ಥರ ಸೀಟು, ತಣ್ಣಗೆ ಏಸಿ. ಇಂಜಿನ್ ಸದ್ದು ಬೇಕು ಅಂದ್ರೆ ಸ್ಪೀಕರಲ್ಲಿ ಬರತ್ತೆ.”

“ಸ್ಪೀಕರಲ್ಲಾ?” ಗೇರಕ್ಕ ಮೂಗು ಮುರಿದಳು. “ಕಟ್ಟಿಸಿಕೊಂಡ ಹಲ್ಲಿಗೆ ಹಲ್ಲುನೋವು ಬರಿಸಿದ ಹಾಗಾಯ್ತು.”

“ತಮಾಷೆ ಸಾಕು. ಅಪ್ಪ ಇನ್ನು ಆ ಕಾರಲ್ಲಿ ಕೂರೋಕಾಗತ್ತಾ, ಹೇಳು.”

ಆ ಮಾತು ನಾಟಿತು. ಆದರೂ ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಬೆಟ್ಟದ ತುದಿವರೆಗೂ ಕರ್ಕೊಂಡು ಹೋಗ್ತೀನಿ. ಬೆನ್ನುನೋವು ಅಂತ ಅವರು ಒಂದು ಮಾತಂದ್ರೆ ಅವತ್ತೇ ಮಾರ್ತೀನಿ. ಅನ್ನದಿದ್ರೆ ನೀನು ಬಾಯಿಗೆ ಬೀಗ ಹಾಕ್ಕೊಂಡಿರ್ಬೇಕು.”

ಗಂಡನ ಬೆನ್ನಿನ ಅಳತೆಗೆ ಮೆತ್ತನೆ ಸೀಟು ಹೊಲಿಸಿದಳು. ತನ್ನದು ಅದೇ ಹಲಗೆಯಂಥ ಸೀಟು. ಏಸಿ ಹಾಕಿಸುವ ಮಾತೆತ್ತಿದಾಗ ಮೆಕ್ಯಾನಿಕ್ ತಲೆ ಕೆರೆದುಕೊಂಡ. “ಅಕ್ಕ, ಇಂಜಿನ್ ಕಸುವನ್ನ ಅದೇ ತಿನ್ನತ್ತೆ. ಏರಲ್ಲಿ ಉಬ್ಬಸ ಬರತ್ತೆ ನೋಡಿ.”

“ಆಕ್ಸಿಲರೇಟರ್ ಕೆಳಗೊಂದು ಸ್ವಿಚ್ ಇಡು. ಪೂರ್ತಿ ತುಳಿದಾಗ ಏಸಿ ಬಾಯಿ ಮುಚ್ಲಿ, ಕಾಲೆತ್ತಿದ್ರೆ ತೆರೀಲಿ. ಗಾಳಿ ಬರೋ ಕಿಂಡಿ ಒಂದೇ ಸಾಕು, ಅವರ ಕಡೆಗೆ.”

“ಮತ್ತೆ ನಿಮಗೆ?”

“ನಂಗೇನಾಗಿದೆಯೋ ದಾಡಿ?”

ಬೆಟ್ಟಕ್ಕೆ ಹೊರಟ ದಿನ ಮಗ ಹಿಂದೆಯೇ ತನ್ನ ಕಾರಿನಲ್ಲಿ ಬಂದ. ಅರ್ಧ ದಾರಿ ಕಳೆದರೂ ಗೇರಕ್ಕನ ಕಾಲು ಪೆಡಲನ್ನು ಸವರುತ್ತಿತ್ತೇ ಹೊರತು ಒತ್ತಲಿಲ್ಲ. ಒತ್ತಿದರೆ ಗಾಳಿ ನಿಲ್ಲುತ್ತದೆ, ಕಾವು ನುಗ್ಗುತ್ತದೆ, ಕಾರು ಎಗರುತ್ತದೆ, ಆ ಬೆನ್ನು ಏನಾಗುತ್ತದೋ! ಇಂಜಿನ್ ಏದುಸಿರು ಬಿಡುತ್ತಿತ್ತು. ಅಗಲವಾದ ನೇರ ಏರಿನಲ್ಲಿ ಮಗನ ಕಾರು ಸ್ಪೀಕರಿನ ಗರ್ಜನೆ ಮಾಡುತ್ತ ಪಕ್ಕದಲ್ಲೇ ದಾಟಿ ಹೋಯಿತು.

ಗಂಡ ಕಿಂಡಿಯ ಮೇಲೆ ಅಂಗೈ ಇಟ್ಟ. “ಇದೇನೇ ಇದು, ಮದುಮಗಳನ್ನ ಕಳಿಸಿಕೊಡೋ ಹಾಗೆ ಓಡಿಸ್ತಿದ್ದೀಯ?”

“ನಿಮ್ಮ ಬೆನ್ನು, ರೀ...”

“ಬೆನ್ನು ನಂದು, ಅದನ್ನ ನಾನು ನೋಡ್ಕೋತೀನಿ. ಕಾಲು ನಿಂದು. ಒತ್ತು!”

ಗೇರಕ್ಕ ಹಲ್ಲು ಕಚ್ಚಿ ತುಳಿದಳು. ಅಂಗೈ ಕೆಳಗೆ ಗಾಳಿ ಸತ್ತಿತು. ಕಾರು ಗಂಟಲು ಬಿಚ್ಚಿ ಕೂಗಿತು, ಮುಂದಿನ ಗಾಜಿನಲ್ಲಿ ಬೆಟ್ಟದ ತುದಿ ದೊಡ್ಡದಾಗುತ್ತ ಬಂತು. ಮಗನ ಕಾರು ಕನ್ನಡಿಯೊಳಗೆ ಸೇರಿಕೊಂಡು ಚಿಕ್ಕದಾಯಿತು.

ತುದಿಯಲ್ಲಿ ಗಂಡ ತಾನೇ ಬಾಗಿಲು ತೆರೆದು, ಯಾರ ಕೈಯನ್ನೂ ಹಿಡಿಯದೆ ಇಳಿದು ನೆಟ್ಟಗೆ ನಿಂತ. ಅಂಗಿ ಹಿಂಡಿದರೆ ನೀರು ಸೋರುವಂತಿತ್ತು. ಮುಖದ ತುಂಬ ನಗು.

ಮಗ ಓಡಿ ಬಂದ. “ಅಪ್ಪ, ಹೀಗೆ ಬೆವೆತು ತೊಪ್ಪೆಯಾಗಿದ್ದೀರಲ್ಲ!”

“ಬೆವರಿನ ಮಾತು ಆಡೇ ಇರ್ಲಿಲ್ಲ ಕಣೋ,” ಎಂದ ಅಪ್ಪ. “ಆಡಿದ್ದು ಬೆನ್ನಿನ ಮಾತು. ಅದು ಗಟ್ಟಿಯಾಗಿದೆ.”

ಕಾರು ಮಾರುವ ಮಾತು ಅಲ್ಲಿಗೇ ಮುಗಿಯಿತು. ಅವನು ತಂದಿದ್ದ ಪುಸ್ತಿಕೆಯ ಹಾಳೆ ಹರಿದು ಗೇರಕ್ಕ ಈಗಲೂ ಇಂಜಿನ್ ಆಯಿಲ್ ಅಳೆಯುವ ಕಡ್ಡಿ ಒರೆಸುತ್ತಾಳೆ. ನುಣುಪು ಕಾಗದ, ಎಣ್ಣೆಯನ್ನೇ ಹೀರುವುದಿಲ್ಲ ಎಂದು ಅದಕ್ಕೂ ಬೈಯುತ್ತಾಳೆ.