ಗುರುತು ಹೇಳಿದವರ ಪಾಲು

ಮದುವೆಯಾಗಿ ಶಿವನಸಮುದ್ರಕ್ಕೆ ಬಂದಾಗ ಯುದ್ಧ ನಡೆಯುತ್ತಿತ್ತು. ನನ್ನವರಿಗೆ ಕರೆಂಟು ತಯಾರಿಸುವ ಕಡೆ ಯಂತ್ರ ನೋಡಿಕೊಳ್ಳುವ ಕೆಲಸ; ಅವರು ಪಾಳಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಯುದ್ಧದ ದೆಸೆಯಿಂದ ಅಲ್ಲೆಲ್ಲ ಕಾವಲು ಬಿಗಿಯಾಗಿದ್ದರಿಂದ ತವರಿನವರೂ ಸುಲಭಕ್ಕೆ ಬರುವಂತಿರಲಿಲ್ಲ. ತವರೂರು ದುದ್ದದಲ್ಲಿ ಹನ್ನೆರಡು ಜನರ ಗದ್ದಲದಲ್ಲಿ ಬೆಳೆದವಳಿಗೆ ಮಾತಾಡಿಸುವವರಿಲ್ಲದೆ ಹುಚ್ಚು ಹಿಡಿದಂತಾಗುತ್ತಿತ್ತು.

ಸಂಜೆಯಾದರೆ ಹಿತ್ತಲಾಚೆಯ ಹಳ್ಳದಲ್ಲಿ ನಾಯಿಯೊಂದು ಬೊಗಳುತ್ತಿತ್ತು. ಪಾಪ, ದಾರಿ ತಪ್ಪಿದ್ದಿರಬೇಕೆಂದು ಒಂದು ದಿನ ಮುದ್ದೆ ಇಟ್ಟು ಬಂದೆ. ಮುದ್ದೆ ಹಾಗೇ ಒಣಗಿತು. ನನ್ನವರು ನಕ್ಕರು.

"ನಾಯಲ್ಲ ಕಣಮ್ಮಿ, ಕಾಡುಕುರಿ. ಎದ್ರುಕಂಡ್ರೆ ಅಂಗೇ ಬೊಗಳದು. ಯಾರ್ಗೂ ಏಳ್ಬ್ಯಾಡ, ಇಲ್ಲಿ ಕೋವಿ ಇರೋರವ್ರೆ."

ಮಾರನೆಯ ದಿನದಿಂದ ಕಾದು ಕುಳಿತೆ. ಹಳ್ಳದ ಅತ್ತಿಮರದ ಕೆಳಗೆ ಬಿದ್ದ ಹಣ್ಣಿಗೆ ಬರುತ್ತಿತ್ತು, ಯಾವಾಗಲೂ ಒಂಟಿ. ಮೇಕೆಯಷ್ಟೇ ಎತ್ತರ, ಕೆಂಗಂದು ಮೈ. ಹಣೆಯ ಮೇಲೆ ಎರಡು ಕಪ್ಪು ಗೆರೆ. ಅವು ಹೋಗಿ ಸೇರುವ ಕಡೆ ಕೂದಲು ಮುಚ್ಚಿದ ಎರಡು ಗೂಟ, ಗೂಟದ ತುದಿಯಲ್ಲಿ ಗೇಣುದ್ದವೂ ಇಲ್ಲದ ಕೊಂಬು. ತುಟಿಯಂಚಿನಲ್ಲಿ ಪುಟ್ಟ ಕೋರೆಹಲ್ಲು ಬೇರೆ. ದೇವರು ಮಿಕ್ಕ ಸಾಮಾನು ಸೇರಿಸಿ ಮಾಡಿದ್ದಾನೆ ಅನ್ನಿಸಿ ನಗು ಬರುತ್ತಿತ್ತು. ತಲೆ ತಗ್ಗಿಸಿ, ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ನನ್ನ ಬಳೆ ಸದ್ದಾದರೆ ಸಾಕು, ಬಾಲದಡಿಯ ಬಿಳುಪು ತೋರಿಸಿ ಪೊದೆಗೆ ನುಗ್ಗಿ ಅಲ್ಲಿಂದ ಬೊಗಳುತ್ತಿತ್ತು. ನನ್ನನ್ನೇ ಬೈದಂತಿರುತ್ತಿತ್ತು. ಬೈಯಲಾದರೂ ಒಬ್ಬರಿದ್ದಾರಲ್ಲ ಎಂದು ಖುಷಿಪಡುತ್ತಿದ್ದೆ.

ಆರು ತಿಂಗಳ ಮೇಲೆ ಹಿಂದಿನ ಸಾಲಿನ ಮನೆಯಾಕೆ ಮೊದಲ ಸಲ ನಮ್ಮಲ್ಲಿಗೆ ಬಂದರು. ಎಲೆಅಡಿಕೆ ಹಾಕಿಕೊಂಡು ಕೇಳಿದರು, "ಒಬ್ಳೇ ಏನ್ ಮಾಡ್ತೀಯವ್ವ ದಿನವೆಲ್ಲ?"

ಹೇಳಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಆಕೆ ಎದ್ದುಹೋಗಬಾರದಲ್ಲ. ಅತ್ತಿಮರ, ಬರುವ ದಾರಿ, ಬರುವ ಹೊತ್ತು, ಎಲ್ಲ ಒದರಿಬಿಟ್ಟೆ. ಆಕೆ ಕಣ್ಣರಳಿಸಿ ಕೇಳಿದರು, ಇನ್ನೊಂದು ಸಲ ಎಲೆ ಹಾಕಿಕೊಂಡರು.

ಭಾನುವಾರ ಸಂಜೆ ಹಳ್ಳದ ಕಡೆ ಕೋವಿಯ ಒಂದೇ ಒಂದು ಈಡು ಕೇಳಿಸಿತು. ದೀಪ ಹಚ್ಚುವ ಹೊತ್ತಿಗೆ ಆಕೆ ಮುತ್ತುಗದ ಎಲೆಯ ಪೊಟ್ಟಣ ಹಿಡಿದು ಬಂದರು.

"ತಕಳವ್ವ. ಗುರ್ತು ಏಳ್ದೋರ್ಗೂ ಒಂದು ಪಾಲು ಕೊಡ್ಬೇಕು, ಅದು ಸಿಕಾರಿ ನ್ಯಾಯ. ಒಳ್ಳೆ ತಾವ ತೋರ್ಸವ್ಳೆ ಅಂದ್ರು ನಮ್ಮೆಜಮಾನ್ರು."

ಬೇಡವೆಂದರೆ ಆಕೆ ಮತ್ತೆ ಬರುವುದಿಲ್ಲವೆಂದು ಹೆದರಿ ಕೈಚಾಚಿದೆ. ಪೊಟ್ಟಣ ಇನ್ನೂ ಬೆಚ್ಚಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನನ್ನವರು ಆ ಬಾಡಿನ ಸಾರು ಉಂಡು ಪಾಳಿಗೆ ಹೊರಟರು. ಎಲ್ಲಿಯದೆಂದು ಕೇಳಿ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಆಕೆ ದಿನವೂ ಬಂದರು. ಒಳ್ಳೆಯ ಹೆಂಗಸೇ. ಸಂಜೆ ಹಿತ್ತಲಲ್ಲಿ ಕೂತು ಎಲೆಗೆ ಸುಣ್ಣ ಸವರಿ ಕೊಡುವಾಗ ನನ್ನ ಬಳೆ ಸದ್ದಾಗುತ್ತಿತ್ತು. ಕೈ ಹಾಗೇ ನಿಲ್ಲುತ್ತಿತ್ತು. ಹಳ್ಳದಿಂದ ಯಾರೂ ಬೈಯುತ್ತಿರಲಿಲ್ಲ.